ದಾಳಿಂಬೆ ಸಸಿಯ ರೋಗಪರೀಕ್ಷೆ: ಬೇಕಾದ ಕಿಣ್ವ ನಡೆದು ಬಂದ ದಾರಿ

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿಯನ್ನು ಪರಿಚಯಿಸಬೇಕಿಲ್ಲ. ಎಲೆಯಲ್ಲಿ ಎಣ್ಣೆ ಬಿದ್ದಂಥ ಚುಕ್ಕೆ ಕಂಡು, ಕಾಯಿ ಸೀಳುವ ಹೊತ್ತಿಗೆ ರೋಗ ಸಾಲುಗಳನ್ನು ದಾಟಿರುತ್ತದೆ. ಎಷ್ಟೋ ಸಲ ಅದು ತೋಟಕ್ಕೆ ಬರುವುದು ನೋಡಲು ಚೆನ್ನಾಗಿಯೇ ಇರುವ ಸಸಿಯೊಳಗೆ. ನರ್ಸರಿಯಲ್ಲೇ ಹಿಡಿಯಬೇಕೆಂದರೆ ಕ್ಸಾಂಥೊಮೊನಾಸ್ ದುಂಡಾಣುವಿನ ಡಿಎನ್‌ಎ ಹುಡುಕಬೇಕು. ಡಿಎನ್‌ಎಯನ್ನು ಪತ್ತೆಯಾಗುವಷ್ಟು ಹೆಚ್ಚಿಸುವ ಪಿಸಿಆರ್ ವಿಧಾನಕ್ಕೆ ಮತ್ತೆ ಮತ್ತೆ ಕಾಯಿಸಿ ತಣಿಸುವ ಯಂತ್ರ ಬೇಕು. ಅದೇ ಕೆಲಸ ಮಾಡುವ ಲ್ಯಾಂಪ್ ವಿಧಾನಕ್ಕೆ 65 ಡಿಗ್ರಿಯಲ್ಲಿ ನಿಲ್ಲುವ ಬಿಸಿನೀರಿನ ತೊಟ್ಟಿ ಸಾಕು. ದುಬಾರಿಯಾಗಿ ಉಳಿಯುವುದು ಡಿಎನ್‌ಎಯ ಪ್ರತಿ ಕಟ್ಟುವ ಕಿಣ್ವ.

1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ತಂಡ ಇ. ಕೋಲಿ ದುಂಡಾಣುವಿನಲ್ಲಿ ಇಂಥ ಕಿಣ್ವವಾದ ಡಿಎನ್‌ಎ ಪಾಲಿಮರೇಸ್ ಗುರುತಿಸಿತು. 1970ರಲ್ಲಿ ವಿಜ್ಞಾನಿ ಕ್ಲೆನೊ ಅದನ್ನು ಕತ್ತರಿಸಿ, ಎದುರಿನ ಎಳೆಯನ್ನು ಕೊರೆಯುವ ಭಾಗವಿಲ್ಲದ ದೊಡ್ಡ ತುಂಡನ್ನು ಪಡೆದ. ಆ ತುಂಡು ಎದುರಿನ ಎಳೆಯನ್ನು ಪಕ್ಕಕ್ಕೆ ಸರಿಸುತ್ತಾ ಹೊಸದನ್ನು ಕಟ್ಟುತ್ತದೆ, ಹಾಗಾಗಿ ಎಳೆ ಬಿಡಿಸಲು ಮತ್ತೆ ಮತ್ತೆ ಕಾಯಿಸಬೇಕಿಲ್ಲ; ಆದರೆ ಶಾಖಕ್ಕೆ ಕೆಡುತ್ತದೆ. ಬಿಸಿ ತಾಳುವ ಜಿಯೊಬ್ಯಾಸಿಲಸ್ ಸ್ಟೀರೊಥರ್ಮೊಫಿಲಸ್ ಎಂಬ ದುಂಡಾಣುವಿನಲ್ಲಿ ಅದೇ ಕುಟುಂಬದ ಕಿಣ್ವ ಸಿಕ್ಕಿತು. ಅದರ ದೊಡ್ಡ ತುಂಡೇ ಸುಮಾರು 67 ಕಿಲೊಡಾಲ್ಟನ್ ತೂಗುವ ಬಿಎಸ್‌ಟಿ. 2000ದಲ್ಲಿ ಜಪಾನಿನ ನೊಟೊಮಿ ತಂಡ ಇದನ್ನು ಬಳಸಿ ಲ್ಯಾಂಪ್ ವಿಧಾನ ಪ್ರಕಟಿಸಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯ ಪತ್ತೆಗೆ ಇದನ್ನು ಒಪ್ಪಿತು.

ಈ ಕಿಣ್ವವನ್ನು ಸಾಮಾನ್ಯ ಜೈವಿಕ ತಂತ್ರಜ್ಞಾನ ಲ್ಯಾಬಿನಲ್ಲೇ ತಯಾರಿಸಬಹುದು. ಕಿಣ್ವದ ಜೀನ್ ಹೊತ್ತ ಪ್ಲಾಸ್ಮಿಡ್ಡನ್ನು (ಡಿಎನ್‌ಎಯ ಪುಟ್ಟ ಉಂಗುರ) ಇ. ಕೋಲಿಯ ಬಿಎಲ್21(ಡಿಇ3) ತಳಿಗೆ ಸೇರಿಸಿ, 1 ಲೀಟರ್ ಎಲ್‌ಬಿ ಎಂಬ ಪೋಷಕ ದ್ರವದಲ್ಲಿ 37 ಡಿಗ್ರಿಗೆ ಬೆಳೆಸಬೇಕು. ದ್ರವದ ಮಬ್ಬನ್ನು ಅಳೆಯುವ ಒಡಿ 0.6 ಮುಟ್ಟಿದಾಗ, ಜೀನನ್ನು ಚಾಲೂ ಮಾಡುವ ಐಪಿಟಿಜಿಯನ್ನು 0.5 ಮಿಲಿಮೋಲಾರ್‌ನಷ್ಟು ಹಾಕಿ ನಾಲ್ಕು ಗಂಟೆ ಬಿಟ್ಟು, ಕೋಶಗಳನ್ನು ಒಡೆಯಬೇಕು. ಮುಂದಿನದು ಬಿಎಸ್‌ಟಿಯ ದೊಡ್ಡ ಅನುಕೂಲ: ದ್ರವವನ್ನು 65 ಡಿಗ್ರಿಯಲ್ಲಿ 30 ನಿಮಿಷ ಇಟ್ಟರೆ ಇ. ಕೋಲಿಯ ಹೆಚ್ಚಿನ ಪ್ರೋಟೀನುಗಳು ಮೊಸರಿನಂತೆ ಒಡೆದು ಬಿಳಿಯಾಗಿ ತಳ ಸೇರುತ್ತವೆ, ಬಿಎಸ್‌ಟಿ ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ತೊಟ್ಟಿ 80 ಡಿಗ್ರಿಗೆ ಏರಿದರೆ ಕಿಣ್ವವೂ ಹೋಯಿತು. ಕಿಣ್ವಕ್ಕೆ ನಿಕ್ಕಲ್‌ಗೆ ಅಂಟುವ ಹಿಸ್ಟಿಡಿನ್ ಬಾಲವಿದ್ದರೆ ತಿಳಿಯನ್ನು ನಿಕ್ಕಲ್ ಕಾಲಮ್ಮಿಗೆ ಬಿಟ್ಟು, 250 ಮಿಲಿಮೋಲಾರ್ ಇಮಿಡಜೋಲ್‌ನಿಂದ ಇಳಿಸಿಕೊಳ್ಳಬೇಕು.

ತೊಂದರೆ ಹೆಚ್ಚಾಗಿ ಇಲ್ಲಿಂದಾಚೆಗೆ. ಪಾಲಿಮರೇಸ್‌ಗೆ ಇ. ಕೋಲಿಯ ಡಿಎನ್‌ಎ ಅಂಟಿಕೊಂಡೇ ಬರುತ್ತದೆ. ಪ್ರೈಮರ್‌ಗಳು (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ತುಣುಕುಗಳು) ಎಲ್ಲ ದುಂಡಾಣುಗಳಲ್ಲೂ ಇರುವ ಜೀನಿಗೆ ಕೂರುವಂಥವಾದರೆ ಮಾದರಿ ಹಾಕದ ಖಾಲಿ ಟ್ಯೂಬೂ ಪಾಸಿಟಿವ್ ತೋರಿಸುತ್ತದೆ. ಕಾಲಮ್ಮಿನ ಮೇಲಿದ್ದಾಗಲೇ 1 ಮೋಲಾರ್ ಉಪ್ಪಿನಿಂದ ತೊಳೆದರೆ ಇದು ಬಹಳ ತಗ್ಗುತ್ತದೆ. ಡಿಎನ್‌ಎ ಹೆಚ್ಚುವಾಗ ಹುಟ್ಟುವ ಆಮ್ಲವನ್ನು ಬಣ್ಣದಿಂದ ತೋರಿಸುವ ಫೀನಾಲ್ ರೆಡ್ ಬಳಸುವವರು ಡಯಾಲಿಸಿಸ್ (ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವುದು) ಬಿಡಲೇಬಾರದು: ಇಮಿಡಜೋಲ್, ಹೆಚ್ಚುವರಿ ಟ್ರಿಸ್ ಬಫರ್ ಉಳಿದರೆ ಅವು ಆಮ್ಲವನ್ನು ಹೀರಿಕೊಂಡು, ಡಿಎನ್‌ಎ ಹೆಚ್ಚಿದ್ದರೂ ಗುಲಾಬಿ ಬಣ್ಣ ಹಳದಿಗೆ ತಿರುಗುವುದಿಲ್ಲ. ರೋಗವಿದ್ದ ಸಸಿ ಹಾಗೆಯೇ ತೋಟಕ್ಕೆ ಹೋಗುತ್ತದೆ.

ಕೊನೆಗೆ 50% ಗ್ಲಿಸರಾಲ್‌ನಲ್ಲಿ ಮೈನಸ್ 20ಕ್ಕೆ ಇಡುತ್ತಾರೆ. ಹಾಗಿಟ್ಟದ್ದು ಗಟ್ಟಿಯಾಗುವುದಿಲ್ಲ, ಆದ್ದರಿಂದ ಕರೆಂಟ್ ಹೋಗಿ ಬರುವ ಊರಲ್ಲಿ ಹೆಪ್ಪುಗಟ್ಟಿ ಕರಗುವ ಪೆಟ್ಟು ತಪ್ಪುತ್ತದೆ. ಆದರೆ ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ಹೊರಗೆ ಮರೆತು ಬಿಡುವಂಥದ್ದಲ್ಲ.

ಪ್ರತಿ ಬ್ಯಾಚನ್ನೂ ಗೊತ್ತಿರುವ ಡಿಎನ್‌ಎಯನ್ನು ಹತ್ತು ಪಟ್ಟಿನಂತೆ ತೆಳುಗೊಳಿಸಿದ ಸಾಲಿನ ಜೊತೆ, ಎರಡು ಮೂರು ಖಾಲಿ ಟ್ಯೂಬುಗಳಿಟ್ಟು ನೋಡಬೇಕು. ನಿಗದಿತ ಸಮಯದೊಳಗೆ ಒಂದು ಖಾಲಿ ಟ್ಯೂಬು ಬಣ್ಣ ತಿರುಗಿದರೂ ಆ ಬ್ಯಾಚು ಸಸಿಗಳ ಪರೀಕ್ಷೆಗೆ ಬೇಡ. ಮುಗಿದ ಟ್ಯೂಬುಗಳ ಮುಚ್ಚಳವನ್ನಂತೂ ಲ್ಯಾಬಿನೊಳಗೆ ತೆರೆಯಲೇಕೂಡದು.