ಎಲ್ಲಾ ಕಲೆಗೂ ಒಂದೇ ಡಬ್ಬಿ? ಸಂಡೂರಿನ ಕೆಂಪು ಧೂಳನ್ನು ಕೇಳಿ ನೋಡಿ

ಹ್ಯಾರಿ ಪಾಟರ್‌ನ ಮಾಂತ್ರಿಕ ಲೋಕದಲ್ಲೂ ಮನೆ ತೊಳೆಯೋಕೆ ಒಂದು ಫೇಮಸ್ ಬ್ರ್ಯಾಂಡ್ ಇದೆ. ಮಿಸೆಸ್ ಸ್ಕೋವರ್ ಹೆಸರಿನದು, ಯಾವ ಗಲೀಜಿಗಾದರೂ ಸರಿ ಅಂತ ಮಾರುವ ಮಾಲು. 2000ರಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ ಕ್ವಿಡಿಚ್ ವಿಶ್ವಕಪ್ ಮೈದಾನದ ದೊಡ್ಡ ಬೋರ್ಡಿನ ಮೇಲೆ ಅದರ ಜಾಹೀರಾತು ಓಡುತ್ತದೆ, ಕಷ್ಟವೂ ಇಲ್ಲ ಕಲೆಯೂ ಉಳಿಯಲ್ಲ ಅನ್ನುವ ಧಾಟಿಯಲ್ಲಿ. ತಮಾಷೆ ಏನೆಂದರೆ, ಅದು ಸೋತಿದ್ದನ್ನು ಓದುಗರು ಅದಕ್ಕೂ ಮೊದಲೇ ನೋಡಿರುತ್ತಾರೆ. 1998ರ ಎರಡನೇ ಪುಸ್ತಕದಲ್ಲಿ ಶಾಲೆಯ ಉಸ್ತುವಾರಿ ಫಿಲ್ಚ್ ಗೋಡೆ ಮೇಲಿನ ಬರಹವನ್ನು ಇದೇ ಮಾಲು ಹಾಕಿ ಉಜ್ಜುತ್ತಾನೆ, ಅಕ್ಷರ ಒಂಚೂರೂ ಮಾಸುವುದಿಲ್ಲ. ಪಾಪ, ಅವನಿಗೆ ಮಂತ್ರ ಬರುವುದಿಲ್ಲ. ಮಂತ್ರ ಬರುವವರು ಕೋಲು ಆಡಿಸಿದರೆ ಆಯಿತು, ಡಬ್ಬಿ ಬೇಕಾಗುವುದು ಬರದವರಿಗೇ ಅಲ್ವಾ.

ನಮಗೂ ಬರುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಚ್ಚಲಲ್ಲಿ ಸಾಲಾಗಿ ನಿಂತಿರುವ ಬಾಟಲಿ, ಪಾಕೀಟುಗಳನ್ನು ನೋಡಿದರೆ ಫಿಲ್ಚ್‌ಗೆ ನಾವು ನೆಂಟರೇ ಅನಿಸುತ್ತದೆ. "ಎಲ್ಲಾ ಕಲೆಗೂ" ಅನ್ನುವ ಮಾತು ಇಲ್ಲಿ ಯಾಕೆ ಪದೇ ಪದೇ ಸೋಲುತ್ತದೆ ಅನ್ನೋದಕ್ಕೆ ಹಳೇ ಕತೆ ಇದೆ.

ಅಂಗಡಿ ಸೋಪು ಬರುವ ಮೊದಲು ಇಂಥ ಮಾತನ್ನು ಯಾರೂ ಆಡುತ್ತಿರಲಿಲ್ಲ. ಒಂದೊಂದು ಕೊಳೆಗೆ ಒಂದೊಂದು ಮದ್ದು. ಜಿಡ್ಡಿನ ಪಾತ್ರೆಗೆ ಒಲೆ ಬೂದಿ, ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು, ತಲೆಗೆ ಸೀಗೆಕಾಯಿ, ರೇಷ್ಮೆ ಸೀರೆಗೆ ಅಂಟುವಾಳ. ಅಗಸರು ಸವಳು ಮಣ್ಣು ತಂದು ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದರು. ಆ ಮಣ್ಣಿನಲ್ಲಿ ಇರುವುದು ಸೋಡಾ, ಅಂದರೆ ಇವತ್ತು ನಾವು ದುಡ್ಡು ಕೊಟ್ಟು ತರುವ ವಾಷಿಂಗ್ ಸೋಡಾದ ಜಾತಿಯದೇ. ಬೂದಿ ಜಿಡ್ಡನ್ನು ಬಿಡಿಸುವುದೂ ಅದರಲ್ಲಿರುವ ಕ್ಷಾರದಿಂದಲೇ. (ಅಗಸರಿಗೆ ಬೇಕಾಗಿದ್ದ ಸವಳು ರೈತರಿಗೆ ಶಾಪ. ತುಂಗಭದ್ರಾ ಕಾಲುವೆ ನೀರು ಹರಿದ ಮೇಲೆ ಎಷ್ಟೋ ಹೊಲ ಸವಳು-ಜವಳಾಗಿ ಕೆಟ್ಟವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇವತ್ತಿಗೂ ಆ ಮಣ್ಣಿನ ಜೊತೆಗೇ ಗುದ್ದಾಡುತ್ತಿದೆ.)

1888ರಲ್ಲಿ ಇಂಗ್ಲೆಂಡಿನಿಂದ ಸನ್‌ಲೈಟ್ ಸೋಪು ಕಲ್ಕತ್ತಾ ಬಂದರಿಗೆ ಬಂದಿಳಿಯಿತು. ಆಮೇಲೆ ನಿಧಾನಕ್ಕೆ ಬಾರ್ ಸೋಪು ಊರೂರು ತಲುಪಿತು. ಆದರೆ ನಮ್ಮ ಕಡೆ ಅದಕ್ಕೆ ಒಂದು ತೊಡಕು ಕಾದಿತ್ತು. ನೀರು.

ಸವಳು ನೀರು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯದಿದ್ದರೆ ಅದೇ ಸವಳು ನೀರು. ಹೆಸರು ಒಂದೇ ಆದರೂ ಅಗಸರ ಸವಳು ಮಣ್ಣಿನಲ್ಲಿದ್ದದ್ದು ಸೋಡಾ, ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಹಾಕಿದ ತಕ್ಷಣ ಇವೆರಡೂ ಅದನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಬೂದು ಬಣ್ಣದ ಹೆಪ್ಪು ಮಾಡಿಬಿಡುತ್ತವೆ. ನೊರೆ ಏಳುವುದೇ ಇಲ್ಲ. ಇನ್ನಷ್ಟು ಉಜ್ಜುತ್ತೀರಿ, ಅರ್ಧ ಸೋಪು ಕರಗುತ್ತದೆ, ಆಮೇಲೆ ಬಕೆಟ್ಟಿನ ಅಂಚಿಗೆ ಜಿಗುಟಾದ ಒಂದು ಗೆರೆ ಕೂರುತ್ತದೆ, ಉಗುರಿನಿಂದ ಕೆರೆದರೆ ಮೇಣದ ಹಾಗೆ ಏಳುತ್ತದೆ. ಅದೇ ಹೆಪ್ಪು ಅಂಗಿಯ ಎಳೆಗಳ ನಡುವೆಯೂ ಕೂತಿರುತ್ತದೆ. ಒಣಗಿದ ಮೇಲೆ ಬಿಳಿ ಅಂಗಿ ಮಂಕಾಗಿ, ಒರಟಾಗಿ ಕಾಣುವುದು ಅದಕ್ಕೇ. ತೊಳೆದವರ ತಪ್ಪಲ್ಲ.

ಈ ತೊಡಕಿಗೆ ಉತ್ತರವಾಗಿ ಬಂದದ್ದು ಡಿಟರ್ಜೆಂಟ್ ಪುಡಿ. ಅಮೆರಿಕದಲ್ಲಿ 1946ರಲ್ಲಿ ಟೈಡ್ ಬಂತು. ನಮ್ಮಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ಕರ್ಸನ್‌ಭಾಯಿ ಪಟೇಲರ ನಿರ್ಮಾ. ಡಿಟರ್ಜೆಂಟು ಕ್ಯಾಲ್ಸಿಯಂ ಸಿಕ್ಕರೂ ಸೋಪಿನ ಹಾಗೆ ಹೆಪ್ಪುಗಟ್ಟುವುದಿಲ್ಲ, ಪುಡಿಯಲ್ಲಿ ಸೇರಿಸಿರುವ ಸೋಡಾ ಮತ್ತಿತರ ಸರಕು ನೀರಿನ ಗಡಸುತನವನ್ನೂ, ಅಂದರೆ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಟವನ್ನೂ ಕಡಿಮೆ ಮಾಡುತ್ತದೆ. ಸರ್ಫ್ ದುಬಾರಿಯಾಗಿತ್ತು, ನಿರ್ಮಾ ಅದರ ಕಾಲುಭಾಗದಷ್ಟು ಬೆಲೆಗೆ ಸಿಗುತ್ತಿತ್ತು. ಬೋರ್‌ವೆಲ್ ನೀರಿನ ಊರುಗಳಲ್ಲಿ ಜನ ಪುಡಿಯನ್ನು ಬಿಡದೆ ಹಿಡಿದದ್ದು ಬರೀ ಜಾಹೀರಾತಿನ ಹಾಡಿಗೆ ಮರುಳಾಗಿ ಅಂತ ನನಗನಿಸುವುದಿಲ್ಲ. ಸವಳು ನೀರಿನಲ್ಲೂ ನೊರೆ ಬಂತು, ಅದಕ್ಕೆ.

ಆಮೇಲೆ ಬಂತು ಕೆಂಪು ಧೂಳು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುವುದು ಹೊಸದೇನಲ್ಲ, ದೋಣಿಮಲೈಯಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ಎಪ್ಪತ್ತರ ದಶಕದಿಂದಲೂ ಇದೆ. ಆದರೆ 2000ದ ನಂತರ ಚೀನಾದ ಬೇಡಿಕೆ ಏರಿ, ಲಾರಿಗಳ ಸಾಲು ಹಗಲು ರಾತ್ರಿ ಹರಿಯತೊಡಗಿದ ಮೇಲೆ ರಸ್ತೆ ಬದಿಯ ಬೇವು, ಅಂಗಡಿ ಬೋರ್ಡು, ಒಣಹಾಕಿದ ಲಂಗ, ಮಕ್ಕಳ ಬಿಳಿ ಯೂನಿಫಾರ್ಮು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದವು. ಸುಮಾರು ಅದೇ ವರ್ಷಗಳಲ್ಲಿ ಟೀವಿಯಲ್ಲಿ "ಕಲೆ ಒಳ್ಳೆಯದು" ಅಂತ ಒಂದು ಜಾಹೀರಾತು ಶುರುವಾಯಿತು. ಸಂಡೂರಿನ ತಾಯಂದಿರಿಗೆ ಅದನ್ನು ನೋಡಿ ಏನನಿಸಿರಬೇಕೋ! 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಷರತ್ತಿನ ಮೇಲೆ ಮತ್ತೆ ಶುರುವಾಯಿತು ಅನ್ನಿ.

ಈ ಧೂಳಿನ ಮುಂದೆ ಪುಡಿ ಯಾಕೆ ಸೋಲುತ್ತದೆ? ಇದು ಎಣ್ಣೆಯಲ್ಲ, ಬೆವರಲ್ಲ, ಸಾರಿನ ಕಲೆಯೂ ಅಲ್ಲ. ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ನೀರಿಗೂ ಕರಗದು, ಸೋಡಾಕ್ಕೂ ಕರಗದು. ನುಣ್ಣಗಿನ ಕಣಗಳು ಹತ್ತಿಯ ಎಳೆಯೊಳಗೆ ಹೋಗಿ ಕೂತರೆ ಡಿಟರ್ಜೆಂಟ್ ಒಂದಷ್ಟನ್ನು ಎಬ್ಬಿಸುತ್ತದೆ, ಉಳಿದದ್ದು ಅಲ್ಲೇ. ಆಗ ಜನ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಚಹಾ, ಹಣ್ಣಿನ ಕಲೆಯ ಬಣ್ಣವನ್ನು ಆಕ್ಸಿಡೈಸ್ ಮಾಡಿ ಒಡೆಯುವುದು ಬ್ಲೀಚಿನ ಕೆಲಸ. ಹೆಮಟೈಟ್ ಮೊದಲೇ ಪೂರ್ತಿ ಆಕ್ಸಿಡೈಸ್ ಆಗಿರುವ ವಸ್ತು, ಅಲ್ಲಿ ಬ್ಲೀಚಿಗೆ ಮಾಡೋಕೆ ಕೆಲಸವೇ ಇಲ್ಲ. ಹಾಳಾಗುವುದು ಬಟ್ಟೆ. ನೀಲಿ ಹಾಕಿದರೂ ಅಷ್ಟೇ, ಅದು ಹಳದಿ ಛಾಯೆಯನ್ನು ಮರೆಮಾಚುತ್ತದೆ, ಕೆಂಪನ್ನಲ್ಲ.

ಕಬ್ಬಿಣದ ಕಲೆಗೆ ಬೇಕಾದದ್ದು ಆಮ್ಲ. ನಿಂಬೆಹಣ್ಣು, ಉಪ್ಪು ಹಚ್ಚಿ ಬಿಸಿಲಿಗೆ ಇಡುವುದು ಮನೆಯ ಉಪಾಯ, ತೆಳುವಾದ ಕಲೆಗೆ ಸ್ವಲ್ಪ ನಡೆಯುತ್ತದೆ. ಜೋರಾಗಿ ಕೆಲಸ ಮಾಡುವುದು ಆಕ್ಸಾಲಿಕ್ ಆಸಿಡ್, ಕಬ್ಬಿಣವನ್ನು ಹಿಡಿದು ನೀರಿಗೆ ಬಿಡಿಸುತ್ತದೆ. ಆದರೆ ಅದು ವಿಷ, ಮಕ್ಕಳಿರುವ ಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಇಡುವ ಮಾಲಲ್ಲ.

ಇನ್ನು ಬಚ್ಚಲಿನ ಆಸಿಡ್. ಸವಳು ನೀರಿನಿಂದ ನಲ್ಲಿ, ಟೈಲ್ಸ್ ಮೇಲೆ ಕಟ್ಟುವ ಬಿಳಿ ಪದರ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಬಿದ್ದರೆ ಬುರುಬುರು ಅಂತ ಕರಗುತ್ತದೆ. ತಪ್ಪಾಗುವುದು ಎಲ್ಲಿ ಅಂದರೆ, ಒಂದರಿಂದ ಹೋಗದಿದ್ದರೆ ಎರಡನ್ನೂ ಸೇರಿಸಿದರೆ ಹೋದೀತು ಅಂತ ಅದೇ ನೆಲಕ್ಕೆ ಬ್ಲೀಚಿಂಗ್ ಪೌಡರನ್ನೂ ಸುರಿದಾಗ. ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಚಿಕ್ಕ ಬಚ್ಚಲಲ್ಲಿ ಅದು ಜೀವಕ್ಕೇ ಸಂಚಕಾರ. ಎರಡೂ ಡಬ್ಬಿಗಳ ಮೇಲೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇರುತ್ತದೆ, ಓದುವವರು ಯಾರು?

ಕೆಂಪು ಧೂಳಿನ ಮಟ್ಟಿಗೆ ಕಾಸು ಖರ್ಚಿಲ್ಲದ ಒಂದು ಕ್ರಮ ಇದೆ. ಅಂಗಿಯನ್ನು ನೇರವಾಗಿ ಬಕೆಟ್ಟಿಗೆ ಅದ್ದಬೇಡಿ. ಒದ್ದೆಯಾದರೆ ಧೂಳು ಕೆಸರಾಗಿ ಎಳೆಯೊಳಕ್ಕೆ ಇಳಿಯುತ್ತದೆ. ಒಣಗಿದ್ದಾಗಲೇ ಹೊರಗೆ ತಂದು ಚೆನ್ನಾಗಿ ಕೊಡವಿ, ಕಾಲರು, ಜೇಬಿನ ಹೊಲಿಗೆಗೆ ಒಣ ಬ್ರಷ್ ಆಡಿಸಿ. ಪುಡಿ ಆಮೇಲೆ.