ಬಣ್ಣ ನೋಡಬ್ಯಾಡ್ರಿ, ಮುಟ್ಟಿ ನೋಡ್ರಿ

ವಿಜಯಪುರದ ನಮ್ಮ ಮನೆಯಲ್ಲಿ ಆಯಿ, ಅಂದರೆ ಅಪ್ಪನ ಅವ್ವ, ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಗುಳಿಗೆಯ ಚೀಟಿ ಕೊಟ್ಟರು, ಬಿಲ್ಲು ಕೊಟ್ಟರು. ಮಗ್ಗಲು ಬದಲಿಸುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಕೆಲವು ದಿನಗಳ ಮೇಲೆ ಡ್ರೆಸ್ಸಿಂಗಿಗೆ ಬಂದ ಸಿಸ್ಟರ್ ಆಯಿಯನ್ನು ಮಗ್ಗಲಾಗಿಸಿ, ಬೆನ್ನಿನ ಕೊನೆಯ ಎಲುಬಿನ ಮೇಲೆ ಕೈ ಇಟ್ಟರು. ನಾನೂ ಬಗ್ಗಿ ನೋಡಿದೆ. "ಕೆಂಪಾಗಿಲ್ಲಲ್ರಿ" ಅಂದೆ. "ಬಣ್ಣ ನೋಡಬ್ಯಾಡ್ರಿ ಅಕ್ಕಾರ, ಮುಟ್ಟಿ ನೋಡ್ರಿ" ಅಂದರು. ಮುಟ್ಟಿದೆ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ ಇತ್ತು. ಒಳಗೆ ಅರೆಬೆಂದ ಬದನೆಕಾಯಿಯ ಹಾಗೆ ಗಟ್ಟಿ. ಒಂದೇ ಮಗ್ಗಲಲ್ಲಿ ಬಹಳ ಹೊತ್ತು ಮಲಗಿದವರಿಗೆ ಆಗುವ ಹಾಸಿಗೆ ಹುಣ್ಣು, ಅಂದರೆ ಬೆಡ್‌ಸೋರ್, ಶುರುವಾಗುವುದೇ ಹೀಗೆ.

ಈ ಹುಣ್ಣು ಯಾರ ತಪ್ಪು? ನೂರೈವತ್ತು ವರ್ಷಕ್ಕೂ ಹಳೆಯ ಜಗಳ ಇದು. 1859ರಲ್ಲಿ ಆಧುನಿಕ ನರ್ಸಿಂಗಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್, ರೋಗಿಗೆ ಬೆಡ್‌ಸೋರ್ ಆದರೆ ಸಾಮಾನ್ಯವಾಗಿ ಅದು ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು ಬರೆದರು. ಫ್ರಾನ್ಸಿನ ದೊಡ್ಡ ನರರೋಗ ವೈದ್ಯ ಶಾರ್ಕೋ ಕೆಲವೇ ವರ್ಷಗಳಲ್ಲಿ ಬೇರೆ ಮಾತು ಹೇಳಿದರು. ಲಕ್ವಾ ಹೊಡೆದವರಿಗೆ ನರ ಕೆಟ್ಟಿದ್ದರಿಂದಲೇ ಹುಣ್ಣಾಗುತ್ತದೆ, ತಡೆಯಲಾಗದು ಅಂದರು. ಭಾರ ಮತ್ತು ಒದ್ದೆ ತಪ್ಪಿಸಿದರೆ ಹುಣ್ಣು ತಪ್ಪುತ್ತದೆ ಎಂದು ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಅದಕ್ಕೂ ಮೊದಲೇ ಪ್ರಾಣಿಗಳ ಮೇಲೆ ತೋರಿಸಿದ್ದರು. ಆದರೂ ದೊಡ್ಡವರಾದ ಶಾರ್ಕೋ ಮಾತೇ ಬಹುಕಾಲ ನಡೆಯಿತು. ಒಬ್ಬರು ನರ್ಸನ್ನು ಬೈದರು, ಇನ್ನೊಬ್ಬರು ಹಣೆಬರಹ ಅಂದರು. ಎರಡರಿಂದಲೂ ರೋಗಿಗೆ ಏನೂ ಸಿಗಲಿಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಗಾಳಿ ತಿರುಗಿತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರ ವಾರ್ಡು ಶುರುವಾಯಿತು. ಅಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಹಗಲು ರಾತ್ರಿ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗಲು ಬದಲಿಸುವ ಕಟ್ಟುನಿಟ್ಟು ತಂದರು. 1959ರಲ್ಲಿ ಕೋಸಿಯಾಕ್ ಎಂಬ ವೈದ್ಯರು ಭಾರ ಎಷ್ಟು ಮುಖ್ಯವೋ ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದೂ ಅಷ್ಟೇ ಮುಖ್ಯ ಎಂದು ನಾಯಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಎಲುಬಿಗೂ ಗಾದಿಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗುವುದಿಲ್ಲ. ಅದು ಒಳಗಿಂದಲೇ ಸಾಯುತ್ತಾ ಬರುತ್ತದೆ, ಚರ್ಮ ಒಡೆಯುವುದು ಆಮೇಲೆ. ಮೇಲೆ ರೂಪಾಯಿಯಗಲ ಕಂಡರೆ ಒಳಗೆ ಅಂಗೈಯಗಲ ಇರಬಹುದು.

ಇಲ್ಲಿಂದ ಮುಂದೆ ಇದು ನರ್ಸುಗಳದೇ ಕತೆ, ನನಗೆ ತುಂಬಾ ಇಷ್ಟವಾದ ಭಾಗ. ಡೋರೀನ್ ನಾರ್ಟನ್ ಎಂಬ ನರ್ಸ್ ಇಬ್ಬರು ಜೊತೆಗಾರರೊಂದಿಗೆ ವಯಸ್ಸಾದ ರೋಗಿಗಳ ವಾರ್ಡಿನಲ್ಲಿ ಅಧ್ಯಯನ ನಡೆಸಿ 1962ರಲ್ಲಿ ವರದಿ ಪ್ರಕಟಿಸಿದರು. ಯಾರ ತಪ್ಪು ಅಂತ ಕೇಳುವ ಬದಲು, ಯಾರಿಗೆ ಹುಣ್ಣಾಗುವ ಸಂಭವ ಜಾಸ್ತಿ ಅಂತ ಅವರು ಕೇಳಿದರು. ಮೈಯ ಸ್ಥಿತಿ, ಮನಸ್ಸಿನ ಎಚ್ಚರ, ಓಡಾಟ, ಕೈಕಾಲು ಆಡಿಸುವ ಶಕ್ತಿ, ಉಚ್ಚೆ ಕಕ್ಕಸಿನ ಹಿಡಿತ, ಈ ಐದಕ್ಕೆ ಅಂಕ ಕೊಟ್ಟರು. ಒಟ್ಟು 20. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1987ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಊಟವೂ ಸೇರಿತು, ಜಗ್ಗಾಟವೂ ಸೇರಿತು. ಜಗ್ಗಾಟ ಅಂದರೆ, ಕೆಳಗೆ ಸರಿದ ರೋಗಿಯನ್ನು ಎರಡೂ ತೋಳಿಗೆ ಕೈ ಹಾಕಿ ದಿಂಬಿನ ಕಡೆ ಎಳೆಯುತ್ತೇವಲ್ಲ, ಅದು. ನಾವೂ ಆಯಿಯನ್ನು ದಿನಾ ಹಾಗೇ ಎಳೆದಿದ್ದೆವು. ಎತ್ತಬೇಕಿತ್ತು, ಮಡಚಿದ ಚಾದರದ ಮೇಲೆ.

ಹುಣ್ಣಾದ ಮೇಲಿನ ಕತೆಯೂ 1962ರಲ್ಲೇ ಹೊರಳಿತು. ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಮೈಮೇಲಿನ ಕೆಲವು ಗಾಯಗಳನ್ನು ಪಾಲಿಥಿನ್‌ನಿಂದ ಮುಚ್ಚಿ, ಕೆಲವನ್ನು ಗಾಳಿಗೆ ಬಿಟ್ಟರು. ಮುಚ್ಚಿ ತೇವ ಉಳಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂತು. ಇದನ್ನು ನಂಬುವುದು ನಮಗೆ ಕಷ್ಟ. ನಮ್ಮ ಮಾತಿನಲ್ಲೇ ಗಾಯ ವಾಸಿಯಾಗುವುದಕ್ಕೆ "ಒಣಗಿತು" ಅನ್ನುತ್ತೇವೆ, ಅಲ್ವಾ? ಒಣಗಲಿ ಅಂತಲೇ ಅರಿಶಿನ, ಪೌಡರ್, ಕೊನೆಗೆ ಫ್ಯಾನಿನ ಗಾಳಿ. "ಮಾಯಿತು" ಅನ್ನುವ ಪದವೂ ನಮ್ಮಲ್ಲಿದೆ. ಅದರಲ್ಲಿ ಒಣಗುವ ಮಾತಿಲ್ಲ. ವಿಂಟರ್ ಕಂಡದ್ದಕ್ಕೆ ಅದೇ ಸರಿಹೊಂದುತ್ತದೆ. ಹಾಗಂತ ತೇವ ಅಂದರೆ ಒದ್ದೆ ಲಂಗೋಟಿಯಲ್ಲ. ಗಾಯಕ್ಕೆ ತೇವ ಬೇಕು, ಸುತ್ತಲಿನ ಚರ್ಮ ಒಣಗಿರಬೇಕು.

ಹಳೆಯದೆಷ್ಟೋ ಬಿಟ್ಟುಹೋಗಿದೆ. ಹಿಂದೆ ವಾರ್ಡುಗಳಲ್ಲಿ ಸಿಸ್ಟರ್‌ಗಳು ಬೆನ್ನಿಗೆ ಸ್ಪಿರಿಟ್ ತಿಕ್ಕಿ ಪೌಡರ್ ಹಾಕುತ್ತಿದ್ದರು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಎಲುಬಿನ ಮೇಲೆ ತಿಕ್ಕಿದರೆ ಮೊದಲೇ ಸೋತ ಮಾಂಸಕ್ಕೆ ಇನ್ನಷ್ಟು ಪೆಟ್ಟು. ರೋಗಿಯ ಕೆಳಗೆ ಇಡುವ ಗಾಳಿ ತುಂಬಿದ ರಿಂಗೂ ಬೇಡ ಅನ್ನುತ್ತಾರೆ ಈಗ. ನಡುವೆ ಭಾರ ತಪ್ಪಿಸಿ ಅಂಚಿನಲ್ಲಿ ಒತ್ತುತ್ತದೆ.

ಇನ್ನು ಎರಡು ಗಂಟೆಯ ನಿಯಮ. ಅದೇ ಬರ್ಗ್‌ಸ್ಟ್ರಾಮ್ ಮತ್ತು ತಂಡದವರು 2013ರಲ್ಲಿ 27 ನರ್ಸಿಂಗ್ ಹೋಮ್‌ಗಳ 942 ವೃದ್ಧರ ಅಧ್ಯಯನ ಪ್ರಕಟಿಸಿದರು. ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ತಿರುಗಿಸಿದವರ ನಡುವೆ ಹುಣ್ಣಾಗುವುದರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಖುಷಿಪಡುವ ಮೊದಲು ಒಂದು ಮಾತು. ಅವರೆಲ್ಲ ಮಲಗಿದ್ದು ಒಳ್ಳೆಯ ದಪ್ಪ ಫೋಮಿನ ಮೇಲೆ. ನಮ್ಮ ಆಯಿ ಮಲಗಿದ್ದು ವರ್ಷಗಟ್ಟಲೆ ಮಲಗಿ ಮಲಗಿ ಗಂಟು ಕಟ್ಟಿದ ಹತ್ತಿ ಗಾದಿಯ ಮೇಲೆ, ಅದೂ ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಬೆವರುತ್ತಾ.

ಎರಡು ಗಂಟೆಗೊಮ್ಮೆ ಅಂದರೆ ಒಬ್ಬರಿಗೆ ದಿನಕ್ಕೆ 12 ಸಲ. ವಾರ್ಡಿನಲ್ಲಿ ಅಂಥ ಹತ್ತು ಜನ ಇದ್ದರೆ 120 ಸಲ, ಪ್ರತಿ ಸಲವೂ ಇಬ್ಬರು ಬೇಕು. ಬೆಳಗಾವಿಯಾಗಲಿ ಬಾಗಲಕೋಟೆಯಾಗಲಿ, ದೊಡ್ಡ ಆಸ್ಪತ್ರೆಯ ಯಾವ ವಾರ್ಡಿಗೆ ಹೋದರೂ ಮಂಚದ ಬುಡದಲ್ಲಿ ಚಾಪೆ ಹಾಸಿ ಕೂತ ಮನೆಯವರು ಕಾಣುತ್ತಾರೆ. ಮಗ್ಗಲು ಬದಲಿಸುವವರು ಹೆಚ್ಚಾಗಿ ಅವರೇ. ನಾರ್ಟನ್ ಪಟ್ಟಿಯನ್ನಾಗಲಿ ಬ್ರೇಡನ್ ಪಟ್ಟಿಯನ್ನಾಗಲಿ ಅವರ ಕೈಗೆ ಯಾರೂ ಕೊಡುವುದಿಲ್ಲ. ಕೆಂಪಾದರೆ ಎಚ್ಚರ ಎಂಬ ಪಾಠವೂ ಬಿಳಿ ಚರ್ಮ ನೋಡಿ ಬರೆದದ್ದು. ನಮ್ಮಂಥ ಕಂದು, ಕಪ್ಪು ಮೈಯಲ್ಲಿ ಕೆಂಪು ಕಾಣದೇ ಹೋಗಬಹುದು. ಅದಕ್ಕೇ ಬಿಸಿ ಇದೆಯಾ, ಗಟ್ಟಿ ಇದೆಯಾ, ನೋವಿದೆಯಾ ಅಂತ ಮುಟ್ಟಿ ನೋಡಿ ಎಂದು ಈಗಿನ ಮಾರ್ಗಸೂಚಿಗಳೂ ಹೇಳುತ್ತವೆ. ನಮ್ಮ ಸಿಸ್ಟರ್ ಹೇಳಿದ್ದೂ ಅದನ್ನೇ.

ಹೋಗುವ ಮುಂಚೆ ಅವರು ಆಯಿಯ ಮೀನಖಂಡದ ಕೆಳಗೆ ದಿಂಬು ಇಟ್ಟು, ಹಿಮ್ಮಡ ಗಾದಿಗೆ ತಾಗದಂತೆ ಗಾಳಿಯಲ್ಲಿ ನಿಲ್ಲಿಸಿದರು. ಬೆನ್ನಿಗೆ ಮಡಚಿದ ಕೌದಿ ಕೊಟ್ಟು ಸ್ವಲ್ಪವೇ ವಾಲಿಸಿದರು. ಗಡಿಯಾರ ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹಾಲಿನವ ಬಂದಾಗ ಎಡಕ್ಕೆ, ಮಕ್ಕಳು ಸಾಲಿಗೆ ಹೊರಟಾಗ ಬಲಕ್ಕೆ, ಸಂಜೆ ಧಾರಾವಾಹಿಯ ಹೊತ್ತಿಗೆ ಮತ್ತೆ ಎಡಕ್ಕೆ ಅಂತ ಅವ್ವ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಹಚ್ಚಿದಳು. ರಾತ್ರಿ ಎರಡರ ಪಾಳಿ ಕಾಕಾನದು.