ಬಲೆ ಮೀಟುವ ಬೇಟೆಗಾರ

ಕಾಫಿ ಕೊಯ್ಲಿನ ಹೊತ್ತಿಗೆ ಯಾರದಾದರೂ ಕುತ್ತಿಗೆಯಲ್ಲಿ ಉರಿಗುಳ್ಳೆ ಎದ್ದರೆ ಮೂಡಿಗೆರೆ ಕಡೆ ತೀರ್ಪು ಸಿದ್ಧ: "ಜೇಡ ಉಚ್ಚೆ ಹೊಯ್ದಿದೆ." ಶುದ್ಧ ಸುಳ್ಳು. ಇಂಥ ಎಷ್ಟೋ ಗುಳ್ಳೆಗಳಿಗೆ ಕಾರಣ ಪೆಡೆರಸ್ ಎಂಬ ಕೆಂಪು-ಕಪ್ಪು ಪುಟ್ಟ ಜೀರುಂಡೆ. ಮೈಮೇಲೆ ಕೂತಾಗ ಉಜ್ಜಿದರೆ ಅದರ ರಸ ಚರ್ಮ ಸುಡುತ್ತದೆ. ಕೆಲವು ಸರ್ಪಸುತ್ತು, ಅದು ವೈರಸ್ಸಿನ ಕೆಲಸ. ಪೊರಕೆಯೇಟು ಮಾತ್ರ ಜೇಡಕ್ಕೆ.

ಏಟು ತಿನ್ನುವ ಬಳಗದಲ್ಲೇ ಪೋರ್ಷಿಯಾ ಕೂಡ ಇದೆ. ಪಶ್ಚಿಮ ಘಟ್ಟದಲ್ಲೂ ಕಾಣಸಿಗುವ ಇದು ನೆಗೆಜೇಡಗಳ ಕುಟುಂಬದ್ದೇ, ಆದರೆ ಇತರ ಜೇಡಗಳನ್ನು ಬೇಟೆಯಾಡುವುದರಲ್ಲಿ ಪಳಗಿದ್ದು. ಡಚ್ ಸೇನೆಯ ವೈದ್ಯ ಡೋಲೆಶಾಲ್ ಇಂದಿನ ಇಂಡೋನೇಷ್ಯಾದಲ್ಲಿದ್ದುಕೊಂಡು 1859ರಲ್ಲಿ ಇದರ ಒಂದು ಪ್ರಭೇದವನ್ನು ಬಣ್ಣಿಸಿದ. ಅದೇ ವರ್ಷ ತೀರಿಕೊಂಡ. ಪೋರ್ಷಿಯಾ ಎಂಬ ಕುಲವನ್ನು ಜೇಡತಜ್ಞ ಕಾರ್ಶ್ ಸ್ಥಾಪಿಸಿದ್ದು 1878ರಲ್ಲಿ. ಇವುಗಳ ನೆಂಟರನ್ನೆಲ್ಲ ಸ್ಪಾರ್ಟೇಯಿನೇ ಎಂಬ ಉಪಕುಟುಂಬದಡಿ ಇನ್ನೊಬ್ಬ ಜೇಡತಜ್ಞ ವಾನ್‌ಲೆಸ್ ವಿಮರ್ಶಿಸಿದ್ದು 1984ರಲ್ಲಿ. ಇವುಗಳನ್ನು ಗುರುತಿಸಲು ಮುಖ್ಯ ಸುಳಿವು ಕಣ್ಣು: ಮಾಮೂಲಿ ನೆಗೆಜೇಡದ ಎಂಟು ಕಣ್ಣುಗಳಲ್ಲಿ ಎರಡನೇ ಸಾಲಿನ ಜೋಡಿ ಹೆಸರಿಗಷ್ಟೇ ಉಳಿದ ಚುಕ್ಕೆ, ಪೋರ್ಷಿಯಾದಲ್ಲಿ ಅದು ದೊಡ್ಡದು, ಕೆಲಸಕ್ಕೂ ಬರುತ್ತದೆ.

ಬೇಟೆಯ ಸೊಗಸು ಕೇಳಿ. ಬಲೆಯ ಒಡತಿಗೆ ಕಣ್ಣು ಮಂಜು, ಅವಳ ಲೋಕವೆಲ್ಲ ನೂಲಿನ ಕಂಪನ. ಪೋರ್ಷಿಯಾ ಬಲೆಯ ಅಂಚಿಗೆ ಬಂದು ಕಾಲಿನಿಂದ ನೂಲು ಮೀಟುತ್ತದೆ. ಎಸ್ಟೇಟಿನ ನಾಯಿಯನ್ನು ಒಲಿಸಿಕೊಳ್ಳಲು ಹೊಸಬ ಮೊದಲು ಶಿಳ್ಳೆ ಹಾಕಿ, ಆಮೇಲೆ ಚಿಟಿಕೆ ಹೊಡೆದು, ಆಮೇಲೆ ಚೂಚೂ ಅಂದು ನೋಡುತ್ತಾನಲ್ಲ, ಯಾವುದಕ್ಕೆ ಬಾಲ ಅಲ್ಲಾಡಿತೋ ಅದನ್ನೇ ಹಿಡಿಯುತ್ತಾನಲ್ಲ, ಹಾಗೆ ಇದೂ ಬಗೆಬಗೆಯಾಗಿ ಮೀಟುತ್ತಾ ಹೋಗುತ್ತದೆ. ಒಡತಿ ತನ್ನತ್ತ ಒಂದು ಹೆಜ್ಜೆ ಇಟ್ಟಳೋ, ಆ ಮೀಟನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಗಾಳಿ ಬಂದು ಬಲೆ ಅಲುಗಿದರೆ ಆ ಗದ್ದಲದ ಮರೆಯಲ್ಲಿ ಸರಸರ ಮುಂದೆ ಸಾಗುತ್ತದೆ. ನೇರ ದಾರಿ ಇಲ್ಲದಿದ್ದರೆ ಸುತ್ತುಬಳಸಿ ಹೋಗುತ್ತದೆ, ನಡುವೆ ಬೇಟೆ ಕಣ್ಮರೆಯಾದರೂ ಗುರಿ ಮರೆಯುವುದಿಲ್ಲ. ಇಷ್ಟೆಲ್ಲ ಒಂದು ಸೆಂಟಿಮೀಟರಿನ ಆಸುಪಾಸಿನ ದೇಹದಲ್ಲಿ! ಜೇಡಗಳ ಸಂಶೋಧಕ ರಾಬರ್ಟ್ ಜಾಕ್ಸನ್ ಮತ್ತು ಸಂಗಡಿಗರು ಇದನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ.

ಪೋರ್ಷಿಯಾದ ನೆಲೆ ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಮತ್ತು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ. ಅಮೆರಿಕ ಖಂಡಗಳಲ್ಲಿ ಮಾತ್ರ ಇಲ್ಲ. ಮಲೇಷ್ಯಾದ ನೆಂಟನೊಬ್ಬನಿಗೆ ವಾನ್‌ಲೆಸ್ ಹೆಸರನ್ನೇ ಇಟ್ಟಿದ್ದಾರೆ: ಪ್ಯಾರಾಸಿರ್ಬಾ ವಾನ್‌ಲೆಸಿ. ಬಿದಿರಿನ ಟೊಳ್ಳಿನಲ್ಲಿ ಕೂತು, ಅಲ್ಲಿ ನಿಂತ ನೀರಿನಿಂದ ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ.